ಬಾವಿ ಕಡೆ, ರಸ್ತೆ ಕಡೆ

ಹೋದ ತಿಂಗಳು ಮೊಮ್ಮಗಳ ನಾಟ್ಯದ ಸಾಮಾನು ಕೊಳ್ಳಲು ಚೆನ್ನೈಯ ಸೌಕಾರ್‌ಪೇಟೆಗೆ ಹೋಗಿದ್ದೆವು. ಆ ಗಲ್ಲಿಗಳಲ್ಲಿ ನಮ್ಮ ಕಾಲಿನ ಮೇಲೆ ನಮಗೆ ಅಧಿಕಾರವಿಲ್ಲ. ಹಿಂದಿನವರು ತಳ್ಳಿದರೆ ಮುಂದೆ ಹೋಗಬೇಕು, ಮುಂದಿನವರು ಚೌಕಾಸಿಗೆ ನಿಂತರೆ ನಿಲ್ಲಬೇಕು. ಹಾಗೆ ಒಂದು ಅಂಗಡಿಯ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾಗ ಒಳಗೆ ಯಾರೋ ಹೆಂಗಸು ಉಗುರುಬಣ್ಣದ ಶೀಶೆ ತೆರೆದು ಹೆಬ್ಬೆರಳಿಗೆ ಹಚ್ಚಿ ನೋಡುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಪೆರುಂಗುಡಿಯ ಒಂದು ತಗಡಿನ ಶೆಡ್ಡಿನಲ್ಲಿದ್ದೆ. ಎದುರಿಗೆ ಬಟ್ಟೆ ಹೊದಿಸಿದ ರೆಕ್ಕೆ, ಗೋಡೆಯಾಚೆ ಕುದಿಯುವ ಸಾಂಬಾರು.

"ಯಾಕ್ರೀ ಹಿಂಗೆ ನಿಂತ್ಬಿಟ್ರಿ?" ಎಂದಳು ನನ್ನ ಹೆಂಡತಿ ಪದ್ಮಾ.

"ವಾಸನೆ."

"ಆ ಹೋಟ್ಲು ರಾಯರ ವಿಮಾನದ್ದಾ? ಇನ್ನೂ ಬಿಟ್ಟಿಲ್ವಾ ಅದು ನಿಮ್ಮನ್ನ?"

ಮೊಮ್ಮಗಳು ಕೈ ಹಿಡಿದು ಎಳೆದಳು. "ತಾತಾ, ವಾಂಗ, ಲೇಟ್ ಆಗುದು." ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅದರ ಬಗ್ಗೆ ನನಗೆ ಹೇಳಲಿಕ್ಕೆ ಬಹಳ ಇದೆ, ಇವತ್ತು ಬೇಡ.

ನನ್ನ ಹೆಸರು ನಂಜುಂಡಯ್ಯ, ಚನ್ನಪಟ್ಟಣದ ಕಡೆಯವನು. ಮೂವತ್ತೊಂದು ವರ್ಷ ವಿಮಾನಗಳ ಹೊಟ್ಟೆಯೊಳಗೆ ಮಲಗಿ, ಚಾಲಕನ ಕೈಯಿಂದ ರೆಕ್ಕೆಗೂ ಬಾಲಕ್ಕೂ ಹೋಗುವ ಉಕ್ಕಿನ ಕೇಬಲ್ಲುಗಳನ್ನು ಕಟ್ಟಿದವನು. ನಿವೃತ್ತನಾದ ಮೇಲೆ ಮಗಳ ಮನೆಗೆಂದು ಕೀಲ್ಪಾಕಿಗೆ ಬಂದೆವು. ಅವಳು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಬೆಳಗಿನ ಕಾಫಿಗೆ ನಾನು ಹೋಗುತ್ತಿದ್ದ ಹೋಟೆಲಿನ ಯಜಮಾನರು ಶ್ರೀಪತಿ ರಾಯರು, ಉಡುಪಿಯ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಈ ಊರಿಗೆ ಬಂದು ಟೇಬಲ್ ಒರೆಸಿ, ಆಮೇಲೆ ತಾವೇ ಹೋಟೆಲು ಹಾಕಿ, ಪೆರುಂಗುಡಿಯಲ್ಲಿ ಐಟಿ ಕಚೇರಿಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯನ್ನೂ ಕಟ್ಟಿದವರು. ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅರವತ್ತೆರಡನೆಯ ವಯಸ್ಸಿಗೆ ವಿಮಾನ ಹಾರಿಸಲು ಕಲಿತು, ಲೈಸೆನ್ಸು ತೆಗೆದುಕೊಂಡು, ಯಾರೋ ಅರ್ಧ ಕಟ್ಟಿ ಬೇಸತ್ತು ಬಿಟ್ಟಿದ್ದ ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಪೆಟ್ಟಿಗೆ ಸಮೇತ ಕೊಂಡು ತಂದರು.

"ನಿಮಗ್ಯಾಕ್ರೀ ವಿಮಾನ?" ಎಂದು ನಾನು ಮುಖಕ್ಕೇ ಕೇಳಿದ್ದೆ.

"ಸೈಕಲ್ ಓಡಿಸಿದ್ದೇನೆ, ಟೆಂಪೊ ಓಡಿಸಿದ್ದೇನೆ, ಕಾರು ಓಡಿಸಿದ್ದೇನೆ. ಇದೊಂದು ಬಾಕಿ ಉಂಟು ಸಾರ್."

ಮಂಗನ ಕೈಗೆ ಮಾಣಿಕ್ಯ ಎಂದುಕೊಂಡೆ. ಹಾಗೆ ಅಂದುಕೊಂಡರೂ ಹೋದೆ. ನಿವೃತ್ತ ಮನುಷ್ಯನನ್ನು ಯಾರಾದರೂ "ನಿಮ್ಮಿಂದ ಮಾತ್ರ ಆಗುವ ಕೆಲಸ" ಎಂದು ಕರೆದರೆ ಅವನು ನರಕಕ್ಕೂ ಹೊರಡುತ್ತಾನೆ.

ಅದು ತಮಿಳರ ಆಡಿ ತಿಂಗಳು, ನಮ್ಮ ಆಷಾಢ. ಚೆನ್ನೈಯ ಆಡಿ ಎಂದರೆ ಗಾಳಿಯೂ ಬೆವರುವ ಕಾಲ. ಅಡುಗೆಮನೆಯ ಹಿಂದೆ ಅಗಲವಾದ ತಗಡಿನ ಶೆಡ್ಡು, ಅದರ ಒಂದು ಪಕ್ಕಕ್ಕೆ ಹಳೆಯ ಬಾವಿ, ಇನ್ನೊಂದು ಪಕ್ಕಕ್ಕೆ ಲಾರಿ ಓಡಾಡುವ ರಸ್ತೆ. ನಡುವೆ ಪಶ್ಚಿಮಕ್ಕೆ ಮೂಗು ಮಾಡಿ ನಿಂತಿದ್ದ ಆ ಅಸ್ಥಿಪಂಜರವನ್ನು ನೋಡಿ ನನಗೆ ನಗು ತಡೆಯಲಿಲ್ಲ. ಕೊಳವೆಗಳ ಗೂಡು, ಮೂರು ಚಕ್ರ, ಎರಡು ಸೀಟು. ರೆಕ್ಕೆಗಳು ಇನ್ನೂ ಗೋಡೆಗೆ ಒರಗಿದ್ದವು. ಅವುಗಳ ಬಟ್ಟೆಗೆ ಡೋಪ್ ಎಂಬ ದ್ರವ ಬಳಿಯುತ್ತಿದ್ದರು. ಅದು ಒಣಗಿದ ಹಾಗೆ ಬಟ್ಟೆ ಬಿಗಿಯುತ್ತದೆ, ವಾಸನೆ ಥೇಟ್ ಉಗುರುಬಣ್ಣದ್ದು. ನಾನು ಕೆಲಸ ಮಾಡಿದ ವಿಮಾನಗಳ ಒಂದು ಟೈರು ಇದರ ಅರ್ಧ ತೂಗುತ್ತಿತ್ತು. ಹಪ್ಪಳಕ್ಕೆ ಚಕ್ರ ಕಟ್ಟಿದ್ದಾರೆ ಎಂದು ಮನೆಗೆ ಬಂದು ಪದ್ಮಾಳಿಗೆ ಹೇಳಿದೆ.

ಕೆಲಸದವರು ಯಾರು ಅಂದಿರಿ? ಅಡುಗೆಯವರು. ಮಧ್ಯಾಹ್ನದ ಊಟ ಕಚೇರಿಗಳಿಗೆ ಹೋದ ಮೇಲೆ ಪಂಚೆಯ ಮೇಲೊಂದು ಟವೆಲ್ ಸುತ್ತಿಕೊಂಡು ಶೆಡ್ಡಿಗೆ ಬರುತ್ತಿದ್ದರು. ಅವರ ಮುಂದಾಳು ವಾಸಣ್ಣ, ಐವತ್ತು ದಾಟಿದ ಮುಖ್ಯ ಅಡುಗೆಯವ, ರಾಯರ ಊರಿನ ಕಡೆಯವನೇ. ಮೊದಲ ದಿನ ನಾನು ಹೋದಾಗ ಅವನು ಕೊಪ್ಪರಿಗೆಯ ಪಕ್ಕ ನಿಂತು, ಸೌಟಿನಿಂದ ಅಂಗೈಗೆ ಒಂದು ಹನಿ ಸಾಂಬಾರು ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಂತಿದ್ದ. ಧ್ಯಾನದ ಹಾಗೆ.

"ಇವನೇ ಮಾಡಿದ್ದಾ ಸಾಂಬಾರು?" ಎಂದೆ.

"ಇಲ್ಲ, ಮಾಡಿದ್ದು ಬೇರೆಯವ," ಎಂದರು ರಾಯರು. "ನಮ್ಮಲ್ಲಿ ಉಪ್ಪು ಹಾಕಿದವ ರುಚಿ ನೋಡುವ ಹಾಗಿಲ್ಲ. ಹಾಕಿದವನ ನಾಲಗೆಗೆ ಎಲ್ಲ ಸರಿಯಾಗಿಯೇ ಕಾಣ್ತದೆ. ಮತ್ತೊಬ್ಬ ನೋಡ್ಬೇಕು. ಎಷ್ಟು ಹಾಕಿದ್ದು ಅಂತ ಅವನಿಗೆ ಹೇಳ್ಲಿಕ್ಕೂ ಇಲ್ಲ."

ನಮ್ಮ ಕಸುಬಿನಲ್ಲೂ ಇದೇ ಕಟ್ಟಳೆ. ಚಾಲನೆಯ ಕೇಬಲ್ಲು ಕಟ್ಟಿದವನ ಜೊತೆಗೆ, ಕಟ್ಟದೇ ಇದ್ದ ಇನ್ನೊಬ್ಬ ತಾನಾಗಿ ಪರೀಕ್ಷಿಸಿ ಎರಡನೆಯ ಸಹಿ ಹಾಕಬೇಕು. ಎಷ್ಟು ಜನ ಹೊಸಬರಿಗೆ ಇದನ್ನು ನಾನೇ ಬೈದು ಕಲಿಸಿದ್ದೇನೆ. ಆದರೂ ಸಾಂಬಾರಿನವರ ಬಾಯಲ್ಲಿ ಕೇಳಿದಾಗ, ಇಷ್ಟಕ್ಕೆಲ್ಲ ಶಾಸ್ತ್ರವಾ ಎನ್ನಿಸಿತು.

ಮೊದಲ ವಾರ ಅವರಿಗೆ ಸ್ಪ್ಲಿಟ್ ಪಿನ್ನು ಹಾಕುವುದನ್ನು ಕಲಿಸಿದೆ. ಬೋಲ್ಟಿಗೆ ನಟ್ಟು ಬಿಗಿದ ಮೇಲೆ ಅದರ ತೂತಿನಲ್ಲಿ ಎರಡು ಕಾಲಿನ ಪಿನ್ನು ತೂರಿಸಿ, ಕಾಲುಗಳನ್ನು ಇಕ್ಕಳದಿಂದ ಬಗ್ಗಿಸಬೇಕು. ಬಗ್ಗಿಸದಿದ್ದರೆ ಎಂಜಿನ್ನಿನ ನಡುಕಕ್ಕೆ ಪಿನ್ನು ಜಾರುತ್ತದೆ, ನಟ್ಟು ತಿರುಗುತ್ತದೆ, ಬೋಲ್ಟು ಬೀಳುತ್ತದೆ, ಆಮೇಲೆ ಮನುಷ್ಯ ಬೀಳುತ್ತಾನೆ. ಅಭ್ಯಾಸಕ್ಕೆಂದು ಹಲಗೆಯ ಮೇಲೆ ಹತ್ತು ಬೋಲ್ಟು ಕೊಟ್ಟೆ. ವಾಸಣ್ಣ ಒಂಬತ್ತರ ಪಿನ್ನು ಬಗ್ಗಿಸಿ, ಹಾಲು ಉಕ್ಕಿತೆಂದು ಯಾರೋ ಕೂಗಿದಾಗ ಹತ್ತನೆಯದನ್ನು ಬಿಟ್ಟು ಓಡಿದ.

ವಾಪಸು ಬಂದವನನ್ನು ಎಲ್ಲರ ಎದುರಿಗೆ ನಿಲ್ಲಿಸಿದೆ. "ಪಿನ್ನು ಬಗ್ಗಿಸ್ದೆ ಎದ್ದು ಹೋದವನಿಗೆ ನಮ್ಮಲ್ಲಿ ಏನಂತಾರೆ ಗೊತ್ತೇನ್ರೀ? ಕೊಲೆಗಾರ ಅಂತಾರೆ. ನಿಮ್ಮ ಯಜಮಾನ್ರನ್ನ ಕೊಂದ್ರಿ ನೀವೀಗ, ಹಾಲಿಗೋಸ್ಕರ."

ವಾಸಣ್ಣ ಟವೆಲಿನಿಂದ ಕೈ ಒರೆಸಿಕೊಂಡು ಹತ್ತನೆಯ ಪಿನ್ನನ್ನು ಬಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು. ನನಗೆ ಒಂಥರಾ ತೃಪ್ತಿ. ಬಹಳ ದಿನದ ಮೇಲೆ ಯಾರೋ ನನ್ನ ಮಾತಿಗೆ ಹೆದರಿದ್ದರು.

ಕೇಬಲ್ಲು ಎಳೆಯುವಾಗ ಇನ್ನೊಂದು ತಾಪತ್ರಯ. "ಎಡದ್ದು ಹಿಡೀರಿ" ಎಂದರೆ ಮೂಗಿನ ಕಡೆ ನಿಂತವನು ತನ್ನ ಎಡಗೈ ಕಡೆಯದನ್ನು ಹಿಡಿಯುತ್ತಿದ್ದ, ಬಾಲದ ಕಡೆ ನಿಂತವನು ತನ್ನ ಎಡದ್ದನ್ನು. ವಿಮಾನದ ಎಡ ಎಂದರೆ ಸೀಟಿನಲ್ಲಿ ಕೂತವನ ಎಡ. ನಾಲ್ಕು ಸಲ ಹೇಳಿದೆ. ಐದನೆಯ ಸಲ ನನಗೆ ರೋಸಿಹೋಯಿತು. ಬಿಳಿ ಟೇಪು ಹರಿದು, ಒಂದು ಕೇಬಲ್ಲಿಗೆ "ಬಾವಿ" ಎಂದೂ ಇನ್ನೊಂದಕ್ಕೆ "ರಸ್ತೆ" ಎಂದೂ ಬರೆದು ಅಂಟಿಸಿದೆ.

"ನಿಮ್ಮ ತಲೆಗೆ ಎಡ ಬಲ ಹೋಗೋ ಕಾಲ ಅಲ್ಲ ಇದು. ಬಾವಿ ಎಲ್ಲಿದೆ ಅಂತಾನಾದ್ರೂ ಗೊತ್ತಲ್ಲ? ಅಷ್ಟು ಸಾಕು."

ಎಲ್ಲರೂ ನಕ್ಕರು, ಕೆಲಸ ಸಲೀಸಾಯಿತು. ರಾಯರಂತೂ "ಭಾರೀ ಐಡಿಯಾ ಸಾರ್" ಎಂದರು. ಮೂವತ್ತೊಂದು ವರ್ಷದಲ್ಲಿ ಯಾವ ವಿಮಾನಕ್ಕೂ ನಾನು ಹಾಗೆ ಹೆಸರು ಬರೆದವನಲ್ಲ. ಬೇರೆ ಯಾರಾದರೂ ಬರೆದಿದ್ದರೆ ಅವನ ಸುತ್ತಿಗೆ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದೆ. ಹೋಟೆಲಿನವರಿಗೆ ಇಷ್ಟು ಸಾಕು ಎಂಬ ತಾತ್ಸಾರದಲ್ಲಿ ಬರೆದದ್ದು ಅದು.

ಆವಣಿ ಕಳೆಯಿತು, ಪುರಟಾಸಿ ಬಂತು. ಚಾಲಕ ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಸ್ಟಿಕ್ಕಿನಿಂದ ಹೊರಟ ಕೇಬಲ್ಲುಗಳು ಸೀಟಿನ ಕೆಳಗೆ ಒಂದನ್ನೊಂದು ಕತ್ತರಿಯ ಹಾಗೆ ದಾಟಿ, ರಾಟೆಗಳ ಮೇಲೆ ಹಾದು, ಸೀಟಿನ ಬೆನ್ನಿಗೆ ಬಂದು ನಿಂತವು. ಇನ್ನು ರೆಕ್ಕೆ ಏರಿಸಿ, ರೆಕ್ಕೆಯೊಳಗಿನ ಕೇಬಲ್ಲುಗಳಿಗೆ ಇವನ್ನು ಜೋಡಿಸಬೇಕು. ಅಷ್ಟರಲ್ಲಿ ಐಟಿ ಕಚೇರಿಯ ಮಂದಿಗೆ ಸುದ್ದಿ ಹತ್ತಿತ್ತು. ಊಟದ ಬಿಡುವಿನಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹಿಂಡುಹಿಂಡಾಗಿ ಬಂದು, ಸೀಟಿನಲ್ಲಿ ಕೂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಒಬ್ಬ ಮಹಾಶಯ, "ಅಂಕಲ್, ಇದಕ್ಕೆ ಆ್ಯಪ್ ಇದೆಯಾ?" ಎಂದು ಕೇಳಿದ. ನಾನು ಅವನ ಕಾಲಿನ ಬಳಿ ಡೋಪಿನ ಡಬ್ಬಿ ಇಟ್ಟು ಸುಮ್ಮನಾದೆ. ಅವನ ಬೂಟು ಏನಾಯಿತೆಂದು ಹೇಳುವುದಿಲ್ಲ.

ಆಮೇಲೆ ಆಯುಧಪೂಜೆ. ಪುರೋಹಿತರು ಬಂದು ವಿಮಾನಕ್ಕೆ ಒಂದು ಸುತ್ತು ಹಾಕಿ, ಮೂಗು ಪಶ್ಚಿಮಕ್ಕಿದೆ, ಅದು ಸೂರ್ಯ ಮುಳುಗುವ ದಿಕ್ಕು, ಮೊದಲ ಪೂಜೆಗೆ ಆಗದು, ಪೂರ್ವಕ್ಕೆ ತಿರುಗಿಸಿ ಎಂದರು. ರಾಯರು ಹೂಂ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನು ಕೂಗಾಡಿದೆ. "ಅದು ಗಾಳೀಲಿ ಎಲ್ಲಾ ದಿಕ್ಕಿಗೂ ಹೋಗುತ್ತೆ ಸ್ವಾಮಿ, ಪಶ್ಚಿಮಕ್ಕೆ ಹೋಗ್ಬೇಕಾದ್ರೆ ಹಿಂದ್ಹಿಂದಕ್ಕೆ ಹಾರಿಸ್ತೀರಾ?" ನಾಲ್ಕು ಜನ ಬಾಲ ಎತ್ತಿ ಹಿಡಿದು, ಅರ್ಧ ಸುತ್ತು ನಡೆದು, ಮೂಗನ್ನು ಪೂರ್ವಕ್ಕೆ ಮಾಡಿಟ್ಟರು. ಪ್ರೊಪೆಲ್ಲರಿಗೆ ಮಾಲೆ, ಚಕ್ರಕ್ಕೆ ನಿಂಬೆಹಣ್ಣು, ನನ್ನ ಸ್ಪಾನರುಗಳಿಗೆಲ್ಲ ಗಂಧದ ಬೊಟ್ಟು. ಗೇಟಿನಲ್ಲಿ ಕುಂಬಳಕಾಯಿ ಒಡೆದರು. ನಾನು ಪೊಟ್ಟಣದ ಪುರಿ ಕಡಲೆ ಕೂಡ ಮುಟ್ಟದೆ ಬಸ್ಸು ಹತ್ತಿದೆ. ಕೋಪಕ್ಕೆ ಒಂದು ವಾರ ಆ ಕಡೆ ಹೋಗಲಿಲ್ಲ.

ವಾರ ಕಳೆದು ಹೋದಾಗ ಅವರು ರೆಕ್ಕೆಗಳನ್ನು ಏರಿಸಿ ಬಿಗಿದಿದ್ದರು. ಬಿಗಿತ ನೋಡಿದೆ, ತಪ್ಪು ಹುಡುಕಿದೆ, ಸಿಗಲಿಲ್ಲ. ಅದರಿಂದ ಕೋಪ ಇನ್ನಷ್ಟು ಏರಿತು. ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬನೇ ಕೂತೆ. ರೆಕ್ಕೆಯಿಂದ ಇಳಿದ ಕೇಬಲ್ಲುಗಳಿಗೆ ಅಭ್ಯಾಸಬಲದಿಂದ ಟೇಪು ಅಂಟಿಸಿದೆ. ಬಾವಿಯ ಪಕ್ಕದ ರೆಕ್ಕೆಯದಕ್ಕೆ "ಬಾವಿ", ರಸ್ತೆಯ ಪಕ್ಕದ್ದಕ್ಕೆ "ರಸ್ತೆ". ಬಾವಿಗೆ ಬಾವಿ, ರಸ್ತೆಗೆ ರಸ್ತೆ ಜೋಡಿಸಿ, ಬಿಗಿ ಸರಿಮಾಡಿ, ತಂತಿ ಸುತ್ತಿ ಭದ್ರಪಡಿಸಿದೆ. ಸ್ಟಿಕ್ಕು ಅಲ್ಲಾಡಿಸಿದರೆ ಎರಡೂ ರೆಕ್ಕೆಯ ಹಿಂಬದಿಯ ಪಟ್ಟಿಗಳು ಬೆಣ್ಣೆಯಲ್ಲಿ ಹೊರಳಿದ ಹಾಗೆ ಆಡಿದವು. ಒಂದು ಮೇಲೆ, ಒಂದು ಕೆಳಗೆ. ಎಲ್ಲೂ ಉಜ್ಜುವಿಕೆ ಇಲ್ಲ, ತಡೆ ಇಲ್ಲ. ದಾಖಲೆ ಪುಸ್ತಕದಲ್ಲಿ ನನ್ನ ಸಹಿ ಹಾಕಿ, ರಾಯರನ್ನು ಕರೆದು, ಪಕ್ಕದ ಖಾಲಿ ಜಾಗ ತೋರಿಸಿದೆ.

"ಇಲ್ಲೊಂದು ಸೈನ್ ಹಾಕ್ಬಿಡಿ. ಎರಡನೆಯವರು ನೋಡಿದ್ದು ಅಂತ."

"ನಾನು ನೋಡ್ಲೇ ಇಲ್ವಲ್ಲ ಸಾರ್."

"ನಾನು ನೋಡಿದೀನಲ್ಲ. ನೀವು ನೋಡಿ ಏನು ತಿಳ್ಕೊಳ್ತೀರಿ?"

ರಾಯರು ಪೆನ್ನು ಕೆಳಗಿಟ್ಟರು. "ಉಪ್ಪು ಹಾಕಿದ್ದು ನೀವು. ಒಂದು ನಿಮಿಷ, ವಾಸು ನೋಡ್ಲಿ."

ನಾನು ಜೋರಾಗಿ ನಕ್ಕೆ. ನಿಜವಾಗಿಯೂ ನಗು ಬಂದಿತ್ತು. ವಾಸಣ್ಣ ಕೈ ತೊಳೆದುಕೊಂಡು ಬಂದು, ಚಪ್ಪಲಿ ಕೆಳಗೆ ಬಿಟ್ಟು, ದೇವರ ಕೋಣೆಗೆ ಹೋಗುವವನ ಹಾಗೆ ಸೀಟಿನಲ್ಲಿ ಕೂತ.

"ಎಂತ ನೋಡ್ಬೇಕು ಸಾರ್?"

"ಸ್ಟಿಕ್ಕು ಯಾವ ಕಡೆ ವಾಲಿಸ್ತೀರೋ ಆ ಕಡೆಯ ಪಟ್ಟಿ ಮೇಲಕ್ಕೇಳ್ಬೇಕು. ಎದ್ದ ಪಟ್ಟಿ ಗಾಳಿಗೆ ಸಿಕ್ಕಿ ಆ ರೆಕ್ಕೆನ ಕೆಳಗಿಳಿಸುತ್ತೆ, ವಿಮಾನ ಆ ಕಡೆಗೆ ತಿರುಗುತ್ತೆ. ದೋಸೆ ಮಗುಚೋದಕ್ಕಿಂತ ಸುಲಭ. ಎಡ ಯಾವುದು ಗೊತ್ತಲ್ಲ?"

"ಊಟ ಮಾಡದ ಕೈ ಸಾರ್," ಎಂದು ವಾಸಣ್ಣ ಎಡಗೈ ಎತ್ತಿ ತೋರಿಸಿ, ಸ್ಟಿಕ್ಕನ್ನು ಆ ಕಡೆಗೆ ವಾಲಿಸಿದ. ಕತ್ತು ತಿರುಗಿಸಿ ಎಡ ರೆಕ್ಕೆಯನ್ನು ನೋಡಿದ. ಮತ್ತೆ ನೆಟ್ಟಗೆ ತಂದು ಇನ್ನೊಂದು ಸಲ ವಾಲಿಸಿದ.

"ಸಾರ್, ಇದು ಕೆಳಗೆ ಹೋಗ್ತಾ ಉಂಟಲ್ಲ."

"ಸರಿಯಾಗಿ ನೋಡ್ರೀ."

"ಕೆಳಗೇ ಸಾರ್. ಆಚೆಯದ್ದು ಮೇಲೆ."

ನಾನು ಬಾಗಿ ನೋಡಿದೆ. ಎಡದ ಪಟ್ಟಿ ಕೆಳಗೆ ಬಾಗಿತ್ತು. ಬಲದ್ದು ಮೇಲೆದ್ದಿತ್ತು. ಅರೆಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಸೀಟಿನ ಬೆನ್ನಿಗಿದ್ದ ಟೇಪುಗಳ ಮೇಲೆ ಕಣ್ಣು ಬಿತ್ತು. ಮೂಗು ಪಶ್ಚಿಮಕ್ಕಿದ್ದಾಗ ಬಾವಿ ಬಲಕ್ಕಿತ್ತು. ಪೂರ್ವಕ್ಕೆ ತಿರುಗಿಸಿದ ಮೇಲೆ ಬಾವಿ ಎಡಕ್ಕೆ. ಸ್ಟಿಕ್ಕಿನ ಕೇಬಲ್ಲಿಗೆ ಹಳೆಯ ಬಾವಿ, ರೆಕ್ಕೆಯ ಕೇಬಲ್ಲಿಗೆ ಹೊಸ ಬಾವಿ. ತಿರುಗಿಸಿದ್ದಕ್ಕೆ ಕೂಗಾಡಿದವನು ನಾನೇ, ತಿರುಗಿದ್ದನ್ನು ಮರೆತವನೂ ನಾನೇ.

ಇದರರ್ಥ ಏನೆಂದು ಹೇಳಬೇಕು. ನೆಲ ಬಿಟ್ಟ ತಕ್ಷಣ ಗಾಳಿಗೆ ವಿಮಾನ ತುಸು ಎಡಕ್ಕೆ ವಾಲುತ್ತದೆ. ಚಾಲಕ ಸರಿಪಡಿಸಲು ಸ್ಟಿಕ್ಕನ್ನು ಬಲಕ್ಕೆ ತಳ್ಳುತ್ತಾನೆ. ವಿಮಾನ ಇನ್ನೂ ಎಡಕ್ಕೆ ವಾಲುತ್ತದೆ. ಗಾಬರಿಯಲ್ಲಿ ಇನ್ನೂ ಬಲಕ್ಕೆ ತಳ್ಳುತ್ತಾನೆ. ಎಣಿಸಿದರೆ ಐದಾರು ಸೆಕೆಂಡು. ಸೀಟಿನಲ್ಲಿ ಕೂರಬೇಕಾಗಿದ್ದವರು ಆ ಶೆಡ್ಡಿನಲ್ಲಿ ನನ್ನ ಪಕ್ಕ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆಗ ನಾನು ಏನು ಮಾಡಿದೆ? ತಪ್ಪಾಯಿತು ಎಂದೆನೆ? ನನ್ನ ಬಾಯಿಂದ ಬಂದ ಮಾತು, ಬಹಳ ಸರಾಗವಾಗಿ ಬಂದ ಮಾತು, ಇದು: "ಭೇಷ್! ನೋಡ್ತೀರೋ ಇಲ್ವೋ ಅಂತ ಬೇಕಂತಲೇ ಹಾಗೆ ಹಾಕಿದ್ದೆ. ಪರೀಕ್ಷೆ. ಪಾಸಾದ್ರಿ."

ವಾಸಣ್ಣ ಮುಖ ಅರಳಿಸಿ ನಕ್ಕ. ರಾಯರು ಕನ್ನಡಕ ಹಾಕಿಕೊಂಡು ನನ್ನನ್ನೂ ಕೇಬಲ್ಲನ್ನೂ ನೋಡಿ, "ಹೌದಾ? ಒಳ್ಳೇದಾಯ್ತು. ಕಾಫಿ ಕುಡಿಯುವ ಬನ್ನಿ," ಎಂದರು. ಅವರ ಬೆನ್ನು ತಿರುಗಿದ ಕೂಡಲೇ ನಾಲ್ಕೂ ಟೇಪು ಕಿತ್ತು ಜೇಬಿಗೆ ಹಾಕಿಕೊಂಡೆ. ಮರುದಿನ ಎಲ್ಲ ಬಿಚ್ಚಿ ಸರಿಯಾಗಿ ಜೋಡಿಸಿ, ಈ ಸಲ "ಎಡ", "ಬಲ" ಎಂದು ಬರೆದೆ. ವಾಸಣ್ಣ ಮತ್ತೆ ಕೂತು ನೋಡಿ, ಎರಡನೆಯ ಸಹಿ ಹಾಕಿದ. ಅಂಗಡಿಯ ಚೀಟಿಯ ಮೇಲೆ ಹಾಕುವಂಥ ಗುಂಡಗಿನ ಸಹಿ.

ಆಮೇಲೆ ಐಪ್ಪಸಿಯ ಮಳೆ ಹಿಡಿಯಿತು. ಪೆರುಂಗುಡಿಯ ರಸ್ತೆ ಕೆರೆಯಾಯಿತು, ಕೆರೆ ರಸ್ತೆಯಾಯಿತು. ಕಾರುಗಳು ಬಾನೆಟ್ಟಿನವರೆಗೆ ಮುಳುಗಿ ನಿಂತಿದ್ದವು, ಗುರುತಿನ ಚೀಟಿಯವರು ಪ್ಯಾಂಟು ಮಡಚಿಕೊಂಡು ಊಟದ ಪಾರ್ಸೆಲ್ ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಆ ತಿಂಗಳೆಲ್ಲ ನಾನು ಬಾಲದ ಕೆಲಸ ಮಾಡಿದೆ. ಮೂಗನ್ನು ಎತ್ತುವ, ಇಳಿಸುವ ಕೇಬಲ್ಲುಗಳು, ಪಾದದಿಂದ ತಿರುಗಿಸುವ ಕೇಬಲ್ಲುಗಳು. ಮೊದಲಿಗಿಂತ ಹೆಚ್ಚು ಗದರಿದೆ, ಹೆಚ್ಚು ಗೇಲಿ ಮಾಡಿದೆ. ಒಮ್ಮೆ ಬಾಲದ ಸಂದಿನಲ್ಲಿ ಕೈ ಹಾಕಿದ್ದಾಗ ಪದ್ಮಾಳ ಫೋನು ಬಂತು, ಕೀಲ್ಪಾಕಿನ ಮನೆಯ ಕೆಳಗೆ ಮೊಣಕಾಲುದ್ದ ನೀರು ಎಂದು. ಓಡಿದೆ. ಮರುದಿನ ಬಂದು ಮುಂದಿನ ಕೆಲಸ ಹಿಡಿದೆ. ಬಾಲ ಮಾತ್ರ ನನ್ನ ಕೈಯ ಚಿನ್ನದ ಕೆಲಸ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ರೆಕ್ಕೆಯ ವಿಷಯ ಎದೆಯಲ್ಲಿ ಚುಚ್ಚುತ್ತಿದ್ದುದರಿಂದ ಹಾಗೆ ಹೇಳಿಕೊಳ್ಳುವುದು ನನಗೆ ಬೇಕಾಗಿತ್ತು.

ಅನುಮತಿಯ ಕಾಗದಪತ್ರಗಳ ಕಥೆ ದೊಡ್ಡದು, ಅದನ್ನು ಬಿಡುತ್ತೇನೆ. ಪೊಂಗಲ್ ಕಳೆದ ಮೇಲೊಂದು ಬೆಳಿಗ್ಗೆ, ಊರಾಚೆಯ ಒಂದು ಖಾಸಗಿ ರನ್‌ವೇಯಲ್ಲಿ, ಲಾರಿಯಲ್ಲಿ ತಂದ ರೆಕ್ಕೆಗಳನ್ನು ಮತ್ತೆ ಜೋಡಿಸಿ, ವಾಸಣ್ಣ ಮತ್ತೆ ಚಪ್ಪಲಿ ಬಿಟ್ಟು ಕೂತು ಎಡ ಬಲ ನೋಡಿದ ಮೇಲೆ, ರಾಯರೂ ಅವರ ಪಕ್ಕದಲ್ಲಿ ಒಬ್ಬ ವಯಸ್ಸಾದ ಪೈಲಟ್ಟೂ ಹತ್ತಿ ಕೂತರು. ಹಪ್ಪಳ ಓಡಿತು, ಹಾರಿತು, ಎರಡು ಸುತ್ತು ಹಾಕಿ ಇಳಿಯಿತು. ನಾನು ಅಷ್ಟು ಹೊತ್ತೂ ಲಾರಿಗೆ ಒರಗಿ ನಿಂತಿದ್ದೆ.

ಇಳಿದು ಬಂದ ರಾಯರು ಎಲ್ಲರ ಎದುರಿಗೆ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೈಲಟ್ಟು ಕೈ ಕುಲುಕಿ, ಕಂಟ್ರೋಲು ಬಹಳ ಚೆನ್ನಾಗಿದೆ ಎಂದ. ಅಷ್ಟಕ್ಕೆ ಸುಮ್ಮನಿರಬಾರದೆ ನಾನು? ಅಡುಗೆಯವರನ್ನು ಪರೀಕ್ಷಿಸಲು ಬೇಕೆಂದೇ ತಿರುಗಾಮುರುಗಾ ಜೋಡಿಸಿದ ಕಥೆಯನ್ನು ಪೈಲಟ್ಟಿಗೆ ಹೇಳಿದೆ. ಅವನು ತೊಡೆ ತಟ್ಟಿ ನಕ್ಕ, ಇಂಥ ಗುರು ಎಲ್ಲಿ ಸಿಗುತ್ತಾರೆ ಎಂದ. ವಾಸಣ್ಣ ಪಕ್ಕದಲ್ಲೇ ನಿಂತು ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ನನ್ನ ಲೋಟಕ್ಕೂ ಬಗ್ಗಿಸಿದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಆ ಬದನೆಕಾಯಿ ನನ್ನ ಬಾಯಲ್ಲಿತ್ತು. ಆ ಮೇಲೆ ಐದು ವರ್ಷ ಆ ಕಥೆಯನ್ನು ಮದುವೆಮನೆಗಳಲ್ಲಿ, ವಾಕಿಂಗ್ ಗೆಳೆಯರಲ್ಲಿ, ಬ್ಯಾಂಕಿನ ಸಾಲಿನಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿತ್ತು. ಹೇಳುವುದನ್ನು ಮಾತ್ರ ಬಿಡಲಿಲ್ಲ.

ಸೌಕಾರ್‌ಪೇಟೆಯಿಂದ ಬಂದ ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದೆ. ರಾಯರು ಗಲ್ಲಾದಲ್ಲಿ ಕೂತಿದ್ದರು. ಇನ್ನೂ ತಿಂಗಳಿಗೊಮ್ಮೆ ಅದೇ ವಿಮಾನದಲ್ಲಿ ಹಾರುತ್ತಾರೆ. ಕಾಫಿ ಬರುವ ಮೊದಲೇ, ಬಂದರೆ ಧೈರ್ಯ ಹೋಗುತ್ತದೆಂದು, ಹೇಳಿಬಿಟ್ಟೆ.

"ರಾಯರೇ, ಅವತ್ತು ಪರೀಕ್ಷೆ ಗಿರೀಕ್ಷೆ ಏನೂ ಇರ್ಲಿಲ್ಲ. ನಾನು ತಪ್ಪು ಜೋಡಿಸಿದ್ದೆ. ನಿಮ್ಮ ಪ್ರಾಣ ಹೋಗ್ತಿತ್ತು."

"ಗೊತ್ತುಂಟು ಸಾರ್."

"ಗೊತ್ತಿತ್ತಾ?"

"ಟೇಪು ಕಿತ್ತು ಜೇಬಿಗೆ ಹಾಕಿದ್ರಲ್ಲ, ಅಡುಗೆಮನೆಯ ಕಿಟಕಿಯಿಂದ ಕಾಣ್ತಿತ್ತು. ಪರೀಕ್ಷೆ ಮಾಡುವವರು ಯಾರಾದ್ರೂ ಟೇಪು ಅಡಗಿಸ್ತಾರಾ?"

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರುವುದು ಬಿಡ್ತಿದ್ರಿ. ಬಾಲ ಯಾರು ಕಟ್ಟುವುದು ಮತ್ತೆ?" ಎಂದು ಯಾರಿಗೋ ಚಿಲ್ಲರೆ ಕೊಟ್ಟು ಹೇಳಿದರು, "ಅಲ್ಲಿಂದ ಮೇಲೆ ನೀವು ಮಾಡಿದ್ದನ್ನೆಲ್ಲ ವಾಸು ದಿನಾ ಬೆಳಿಗ್ಗೆ ನೀವು ಬರುವ ಮೊದಲು ಒಂದು ಸಲ ನೋಡ್ತಿದ್ದ. ನಾನೇ ಹೇಳಿದ್ದು. ಬೇಜಾರು ಮಾಡ್ಬೇಡಿ."

ಬೇಜಾರಾಯಿತು. ಮುಚ್ಚಿಡುವುದಿಲ್ಲ, ಉರಿದುಹೋಯಿತು. ಇಷ್ಟು ವರ್ಷ ಇವರನ್ನು ನಾನು ತೂಗುತ್ತಿದ್ದೇನೆ ಎಂದುಕೊಂಡಿದ್ದೆ. ಇವರು ದಿನಾ ಬೆಳಿಗ್ಗೆ ನನ್ನನ್ನು ತೂಗಿ ಇಡುತ್ತಿದ್ದರು.

"ಏನಾದ್ರೂ ಸಿಕ್ಕಿತಾ ಅವನಿಗೆ?" ಎಂದೆ, ಸಿಕ್ಕಿರಲಾರದು ಎಂಬ ಗರ್ವದಲ್ಲಿ.

ರಾಯರು ಗಲ್ಲಾದಿಂದ ಎದ್ದರು. ನಾನು ನೇರ ಅಡುಗೆಮನೆಗೆ ನುಗ್ಗಿದೆ. ವಾಸಣ್ಣ ಈಗ ಪೆರುಂಗುಡಿ ಬಿಟ್ಟು ಈ ಹೋಟೆಲಿನಲ್ಲೇ ಇರುತ್ತಾನೆ, ತಲೆ ಪೂರ್ತಿ ಬೆಳ್ಳಗಾಗಿದೆ. ಸಾಂಬಾರಿನ ಕೊಪ್ಪರಿಗೆಯ ಮುಂದೆ ನಿಂತಿದ್ದ. ಅದೇ ಪ್ರಶ್ನೆ ಕೇಳಿದೆ. ಅವನು ಬಾಗಿಲಿಗೆ ಬಂದು ನಿಂತಿದ್ದ ಯಜಮಾನರ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಒಂದು ಸಿಕ್ಕಿತು ಸಾರ್."

"ಎಲ್ಲಿ?"

"ಬಾಲದಲ್ಲಿ. ನೀವು ಫೋನು ಬಂದು ಓಡಿದ್ರಲ್ಲ, ನೀರು ನುಗ್ಗಿದ ದಿವಸ. ಮರುದಿನ ಬೆಳಿಗ್ಗೆ ನೋಡಿದೆ. ಒಂದು ಪಿನ್ನು ತೂರಿಸಿ ಇಟ್ಟಿದ್ರಿ. ಕಾಲು ಬಗ್ಗಿಸಿರ್ಲಿಲ್ಲ." ಅವನು ಸೌಟನ್ನು ಕೈಯಿಂದ ಕೈಗೆ ಬದಲಾಯಿಸಿದ. "ನಾನು ಬಗ್ಗಿಸಿದೆ."

ಪಿನ್ನು ಬಗ್ಗಿಸದೆ ಎದ್ದು ಹೋದವನಿಗೆ ಏನೆನ್ನುತ್ತಾರೆ ಎಂದು ನಮ್ಮ ಮೂವರಿಗೂ ನೆನಪಿತ್ತು. ನಾನು ಅವರು ಅನ್ನಲಿ ಎಂದು ಕಾದೆ. ಅಂದಿದ್ದರೆ ಹಗುರಾಗುತ್ತಿತ್ತು. ರಾಯರು ಗಲ್ಲಾಕ್ಕೆ ಹಿಂದಿರುಗಿದರು. ವಾಸಣ್ಣ ಕೊಪ್ಪರಿಗೆಯ ಕಡೆ ತಿರುಗಿ ಒಂದು ಸುತ್ತು ಕಲಕಿ, ಸೌಟಿನ ಅಂಚಿನಲ್ಲಿ ತುಸು ಎತ್ತಿಕೊಂಡು ನನ್ನ ಕಡೆ ಬಂದ.

"ಸಾರ್, ಇವತ್ತು ಉಪ್ಪು ಹಾಕಿದ್ದು ನಾನೇ. ನೀವೊಮ್ಮೆ ನೋಡಿ."

ನಾನು ಅಂಗೈ ಚಾಚಿದೆ.